ಮಕ್ಕಳಿಲ್ಲದ ಶಾಲೆ, ಶಾಲೆಯಿಲ್ಲದ ಮಗು

ಎರಡು ವರ್ಷಗಳ ಹಿಂದಿನ ಮೇ ತಿಂಗಳಲ್ಲಿ, ಹದಿನೈದು ದಿನಗಳ ಅಂತರದಲ್ಲಿ, ಎರಡು ಕಾಗದಗಳು ನನ್ನ ಮುಂದೆ ಬಂದವು. ಎರಡೂ ಒಂದೇ ಶಾಲೆಗೆ ಸಂಬಂಧಪಟ್ಟವು. ಆ ಎರಡು ಕಾಗದಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದ ಮೇಲೆ ನನಗೆ ಉಂಟಾದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಮೊದಲನೆಯದು ಒಂದು ಮನವಿಪತ್ರ. ನಮ್ಮ ಗಡಿಭಾಗದ ಒಂದು ಕನ್ನಡ ಶಾಲೆಯವರು ನಮ್ಮ ಮನೆಗೆ ಬಂದಿದ್ದರು. ಶಾಲೆಯ ಹೆಸರು ಬೇಡ. ಅಂಥ ಶಾಲೆಗಳು ಕೊಲ್ಹಾಪುರದ ಕಡೆಯಲ್ಲೂ ಇವೆ, ಕಾಸರಗೋಡಿನ ಕಡೆಯಲ್ಲೂ ಇವೆ. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಹೀಗೇ ಆದರೆ ಶಾಲೆಗೆ ಬೀಗ ಬೀಳುತ್ತದೆ, ಸರಕಾರಕ್ಕೆ ಒಂದು ಅರ್ಜಿ ಬರೆದುಕೊಡಿ ಎಂದರು. ನಾನು ಬ್ಯಾಂಕಿನ ಗುಮಾಸ್ತ, ಬಿ.ಎ. ಓದಿದವನು; ಅರ್ಜಿಯ ಒಕ್ಕಣೆ ನನಗೆ ಹೊಸದಲ್ಲ. ರಾತ್ರಿ ಕುಳಿತು ಬರೆದೆ. ಸಂವಿಧಾನದ 350ಎ ವಿಧಿಯನ್ನು ಉಲ್ಲೇಖಿಸಿದೆ. ಕೊನೆಯ ವಾಕ್ಯ ಹೀಗಿತ್ತು: 'ಇದು ನಾವು ಬೇಡುವ ದಯೆಯಲ್ಲ, ಇದು ನಮ್ಮ ಹಕ್ಕು.' ಓದಿ ಹೇಳಿದಾಗ ಬಂದವರೆಲ್ಲ ತಲೆದೂಗಿದರು. ನನಗೂ ಹೆಮ್ಮೆಯಾಯಿತು.

ಎರಡನೆಯ ಕಾಗದವನ್ನು ತಂದವಳು ನನ್ನ ತಂಗಿ. ಅದು ಅದೇ ಶಾಲೆಯ ಒಂದನೇ ತರಗತಿಯ ಪ್ರವೇಶ ಅರ್ಜಿ. ತುಂಬಿದ ಅರ್ಜಿಯನ್ನು ಶಾಲೆಯವರು ಮರಳಿಸಿದ್ದರು. ಅವಳ ಮಗನಿಗೆ ಆಗ ಆರು ವರ್ಷ. ಹುಟ್ಟುವಾಗಲೇ ಸೆರೆಬ್ರಲ್ ಪಾಲ್ಸಿ. ಕಾಲುಗಳಲ್ಲಿ ಬಿಗಿತವಿದೆ, ವಾಕರ್ ಹಿಡಿದು ನಡೆಯುತ್ತಾನೆ. ಮಾತು ತೊದಲು, ಆದರೆ ಆಡುವುದು ಅಚ್ಚ ಕನ್ನಡ. ಅಜ್ಜಿ ಹೇಳುವ ಕತೆಯಲ್ಲಿ ಒಂದು ವಾಕ್ಯ ಬಿಟ್ಟುಹೋದರೆ ತಡೆದು ನಿಲ್ಲಿಸಿ ಸರಿಪಡಿಸುವಷ್ಟು ಚುರುಕು. ಶಾಲೆಯವರು ಅವನನ್ನು ಬಾಗಿಲ ಬಳಿ ನಿಲ್ಲಿಸಿಯೇ ಹೇಳಿದರಂತೆ: "ನೋಡಿ, ನಮಗೆ ಬೇಸರವೇ. ಆದರೆ ಇಂಥ ಮಕ್ಕಳಿಗೆ ಬೇರೆ ಶಾಲೆಗಳಿವೆ."

ಆ ಬೇರೆ ಶಾಲೆ ಮರಾಠಿಯದು. ಅರವತ್ತು ಕಿಲೋಮೀಟರಿಗಿಂತ ದೂರ. ಹಾಸ್ಟೆಲಿನಲ್ಲಿ ಬಿಡಬೇಕು.

ನಾನು ಏನು ಹೇಳಿದೆ ಗೊತ್ತೆ? "ಹೋಗಲಿ ಬಿಡು, ಇನ್ನೊಂದು ವರ್ಷ ಮನೆಯಲ್ಲೇ ಇರಲಿ, ಆಮೇಲೆ ನೋಡೋಣ" ಎಂದೆ. ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಅಣ್ಣಾ, ನಮ್ಮ ಶಾಲೆಗೆ ಮಕ್ಕಳು ಬೇಕು ಅಂತ ಅರ್ಜಿ ಬರೆದವನು ನೀನೇ ಅಲ್ವಾ? ಇವನು ಮಗು ಅಲ್ವಾ?"

ಓದುಗರೇ, ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳಿಲ್ಲ ಎಂದು ಅಳುವ ಶಾಲೆ ಬಾಗಿಲಿಗೆ ಬಂದ ಮಗುವನ್ನು ಹಿಂದಕ್ಕೆ ಕಳಿಸಿತು. ಆ ಶಾಲೆಯ ಪರವಾಗಿ ಹಕ್ಕು ಹಕ್ಕು ಎಂದು ಬರೆದ ನಾನು, ನಮ್ಮ ಮನೆಯ ಮಗುವಿನ ವಿಷಯ ಬಂದಾಗ 'ನೋಡೋಣ' ಎಂದೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ನನ್ನ ತಂದೆ ಪೆರ್ಲದ ಕಡೆಯವರು. ಎಪ್ಪತ್ತರ ದಶಕದಲ್ಲಿ ಹೊಟ್ಟೆಪಾಡಿಗಾಗಿ ಇಚಲಕರಂಜಿಗೆ ಬಂದು ಹೋಟೆಲೊಂದರ ಅಡುಗೆಮನೆ ಸೇರಿದರು. ನಾನು ಹುಟ್ಟಿ ಬೆಳೆದದ್ದು ಇಚಲಕರಂಜಿಯ ಮಗ್ಗಗಳ ಸದ್ದಿನಲ್ಲಿ. ತಂಗಿಯನ್ನು ಕೊಟ್ಟದ್ದು ಗಡಹಿಂಗ್ಲಜಕ್ಕೆ. ಭಾವ ಅಲ್ಲಿ ಸಣ್ಣದೊಂದು ಹೋಟೆಲು ಇಟ್ಟುಕೊಂಡಿದ್ದಾರೆ. ನಾನು ಕೆಲಸ ಮಾಡುವುದು ಕಾಗಲ ತಾಲೂಕಿನ ಬಿದ್ರಿಯಲ್ಲಿ, ದೂಧಗಂಗಾ-ವೇದಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಊರಿನಲ್ಲಿ. ಹೀಗೆ ಎರಡು ಗಡಿಗಳ ಋಣ ನನ್ನ ಮೇಲಿದೆ. ಅಲ್ಲಿ ಮಲಯಾಳದ ನಡುವೆ, ಇಲ್ಲಿ ಮರಾಠಿಯ ನಡುವೆ ಕನ್ನಡವನ್ನು ಉಳಿಸಿಕೊಳ್ಳುವ ಕಷ್ಟವನ್ನು ಮನೆಯ ಮಾತಾಗಿ ಬಲ್ಲೆ. ಆದ್ದರಿಂದ ಹೊರಗಿನವನಾಗಿ ಬೈಯುತ್ತಿಲ್ಲ, ಒಳಗಿನವನಾಗಿ ಕೇಳುತ್ತಿದ್ದೇನೆ.

ದಯೆಗೂ ಹಕ್ಕಿಗೂ ಇರುವ ವ್ಯತ್ಯಾಸವನ್ನು ನನಗೆ ಕಲಿಸಿದ್ದು ಕಾನೂನಿನ ಪುಸ್ತಕವಲ್ಲ, ನಮ್ಮ ಬ್ಯಾಂಕಿನ ಮೆಟ್ಟಿಲು. ನಮ್ಮ ಶಾಖೆ ಹಳೆಯ ಕಟ್ಟಡದಲ್ಲಿದ್ದಾಗ ಬಾಗಿಲಿಗೆ ನಾಲ್ಕು ಎತ್ತರದ ಮೆಟ್ಟಿಲುಗಳಿದ್ದವು. ಒಂದು ಕಾಲು ಕಳೆದುಕೊಂಡ ವೃದ್ಧ ರೈತರೊಬ್ಬರು ಕಬ್ಬಿನ ಬಿಲ್ಲಿನ ಹಣ ತೆಗೆಯಲು ಬರುತ್ತಿದ್ದರು. ಅವರು ಕೆಳಗೆ ಕಟ್ಟೆಯ ಮೇಲೆ ಕೂರುವರು. ನಾನು ಚೀಟಿ ಹಿಡಿದು ಇಳಿದುಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ತಂದುಕೊಡುತ್ತಿದ್ದೆ. ಎಷ್ಟೋ ವರ್ಷ ಹೀಗೆ ಮಾಡಿ, ನಾನು ಒಳ್ಳೆಯ ಮನುಷ್ಯ ಎಂದುಕೊಂಡಿದ್ದೆ. ಒಮ್ಮೆ ಊರಿಗೆ ಹೋಗಿ ಎಂಟು ದಿನ ಬಿಟ್ಟು ಬಂದಾಗ ಅವರು ಮರಾಠಿಯಲ್ಲಿ ಮೆಲ್ಲನೆ ಹೇಳಿದರು: "ಸಾಹೇಬ, ನೀವು ರಜೆಯಲ್ಲಿದ್ದಾಗ ನಾನು ಎರಡು ಸಲ ಬಂದು ಹಾಗೇ ವಾಪಸು ಹೋದೆ."

ಅವರ ಹಣ ಅವರದೇ. ಅದಕ್ಕೆ ನನ್ನ ದಯೆ ಬೇಕಾಗಿರಲಿಲ್ಲ, ಬೇಕಾಗಿದ್ದದ್ದು ಒಂದು ಇಳಿಜಾರು ದಾರಿ. ದಯೆ ರಜೆ ಹಾಕುತ್ತದೆ, ದಯೆಗೆ ವರ್ಗಾವಣೆಯಾಗುತ್ತದೆ, ದಯೆ ನಿವೃತ್ತಿಯಾಗುತ್ತದೆ. ಇಳಿಜಾರು ದಾರಿ ರಜೆ ಹಾಕುವುದಿಲ್ಲ. ಸಾಲ ಕೇಳಲು ಬಂದವನು ಕೈ ಮುಗಿಯುತ್ತಾನೆ, ಠೇವಣಿ ಇಟ್ಟವನು ಚೀಟಿ ತುಂಬಿ ಕೊಡುತ್ತಾನೆ. ಶಿಕ್ಷಣ ಮಗುವಿನ ಹೆಸರಿನಲ್ಲಿ ಇಟ್ಟ ಠೇವಣಿ. ಅದನ್ನು ಕೇಳಲು ಬಂದ ತಾಯಿಯನ್ನು ಸಾಲಗಾರಳಂತೆ ಬಾಗಿಲಲ್ಲಿ ನಿಲ್ಲಿಸುವ ಅಧಿಕಾರ ಯಾವ ಮುಖ್ಯೋಪಾಧ್ಯಾಯರಿಗೂ ಇಲ್ಲ.

ಇದು ನನ್ನ ಭಾವುಕತೆಯಲ್ಲ, ದೇಶದ ಕಾನೂನು. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 1950ರ ಸಂವಿಧಾನದ 29ನೇ ವಿಧಿಯ ಎರಡನೇ ಖಂಡ, ಸರಕಾರದ ಅಥವಾ ಸರಕಾರದ ಅನುದಾನ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆ ಇವುಗಳ ಕಾರಣಕ್ಕಾಗಿ ಯಾರಿಗೂ ಪ್ರವೇಶ ನಿರಾಕರಿಸಕೂಡದು ಎನ್ನುತ್ತದೆ. ಈ ಪಟ್ಟಿಯಲ್ಲಿ ಭಾಷೆ ಇದೆ, ಅಂಗವೈಕಲ್ಯ ಇಲ್ಲ. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ಏಳನೇ ತಿದ್ದುಪಡಿಯ ಮೂಲಕ 350ಎ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಬೇಕೆಂದಿತು. ಅಂದರೆ ಗಡಿಯ ಕನ್ನಡಿಗರಾದ ನಮಗೆ ಕಾಗದದ ಮೇಲಾದರೂ ರಕ್ಷಣೆ ಬೇಗ ಸಿಕ್ಕಿತು. ಅಂಗವಿಕಲ ಮಕ್ಕಳು ತಮ್ಮದೇ ಕಾನೂನಿಗಾಗಿ 1995ರ ವರೆಗೆ ಕಾಯಬೇಕಾಯಿತು. ಆ ಕಾನೂನು ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು.

2006ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. 2007ರ ಅಕ್ಟೋಬರಿನಲ್ಲಿ ಭಾರತ ಅದಕ್ಕೆ ಬದ್ಧವಾಯಿತು. ಅದರ ಫಲವಾಗಿ ಬಂದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಅದರ 16ನೇ ಕಲಮಿನ ಸಾರ ಇಷ್ಟು: ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳು ಅಂಗವಿಕಲ ಮಕ್ಕಳನ್ನು ಭೇದಭಾವವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡ, ಅಂಗಳ, ಶೌಚಾಲಯ ಎಲ್ಲ ಅವರಿಗೆ ಎಟುಕುವಂತಿರಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು, ಆಟೋಟಗಳಲ್ಲೂ ಸಮಾನ ಅವಕಾಶವಿರಬೇಕು. 31ನೇ ಕಲಮು ಇನ್ನೂ ಸ್ಪಷ್ಟ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ, 6ರಿಂದ 18 ವರ್ಷದೊಳಗಿನ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ, ತಾನು ಆರಿಸಿಕೊಂಡ ಕಡೆ, ಉಚಿತ ಶಿಕ್ಷಣದ ಹಕ್ಕಿದೆ. ಆರಿಸುವುದು ಮಗುವಿನ ಕಡೆಯವರು, ಶಾಲೆಯವರಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನೆನಪಾಯಿತೆ? ನನಗೂ ಆಯಿತು.

ನಾವು ಈ ನೆಲದ ಚರಿತ್ರೆಯನ್ನಾದರೂ ನೋಡಬೇಡವೆ? ಕೊಲ್ಹಾಪುರದ ಗಾದಿಗೆ ದತ್ತು ಹೋದ ಶಾಹೂ ಮಹಾರಾಜರು ಕಾಗಲದ ಘಾಟಗೆ ಮನೆತನದವರು. 1902ರಲ್ಲಿ ಹಿಂದುಳಿದವರಿಗಾಗಿ ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಮೀಸಲಿಟ್ಟವರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದವರು. ಬಿದ್ರಿಯಿಂದ ಮುಂದೆ ಅದೇ ರಸ್ತೆಯಲ್ಲಿ ಹೋದರೆ ಗಾರಗೋಟಿ. ಅಲ್ಲಿ ಮೌನಿ ವಿದ್ಯಾಪೀಠವನ್ನು ಕಟ್ಟಿದ ಜೆ.ಪಿ. ನಾಯಕರು ಇದೇ ಜಿಲ್ಲೆಯ ಬಹಿರೇವಾಡಿಯಲ್ಲಿ ಹುಟ್ಟಿದವರು, ಧಾರವಾಡ ಜಿಲ್ಲೆಯ ಉಪ್ಪಿನ ಬೆಟಗೇರಿಯಲ್ಲಿ ಹಳ್ಳಿಯ ಜನರ ನಡುವೆ ದುಡಿದವರು. 1964ರಿಂದ 1966ರ ವರೆಗೆ ಕೆಲಸ ಮಾಡಿದ ಕೊಠಾರಿ ಶಿಕ್ಷಣ ಆಯೋಗದ ಸದಸ್ಯ-ಕಾರ್ಯದರ್ಶಿ ಅವರೇ. ಅಂಗವಿಕಲ ಮಕ್ಕಳ ಶಿಕ್ಷಣ ಬರಿಯ ಕನಿಕರದ ಮೇಲೆ ನಿಲ್ಲಬಾರದು, ಅದು ಸಾಮಾನ್ಯ ಶಿಕ್ಷಣದಿಂದ ಬೇರ್ಪಡಿಸಲಾಗದ ಭಾಗವಾಗಬೇಕು ಎಂಬ ವಿಚಾರವನ್ನು ಆ ಆಯೋಗ ಆಗಲೇ ಮುಂದಿಟ್ಟಿತ್ತು. ಅರವತ್ತು ವರ್ಷಗಳಾದವು. ನಾವು ಇನ್ನೂ 'ಬೇರೆ ಶಾಲೆಗಳಿವೆ' ಎನ್ನುತ್ತಿದ್ದೇವೆ.

ಕೊಲ್ಹಾಪುರದವರೇ ಆದ ನಸೀಮಾ ಹುರಜೂಕರ ಹೆಸರನ್ನು ಇಲ್ಲಿನವರು ಗೌರವದಿಂದ ನೆನೆಯುತ್ತಾರೆ. ಹದಿಹರೆಯದಲ್ಲಿ ಸೊಂಟದ ಕೆಳಗಿನ ಸ್ವಾಧೀನ ತಪ್ಪಿ ಗಾಲಿಕುರ್ಚಿ ಹಿಡಿದ ಅವರು 1984ರಲ್ಲಿ 'ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್' ಸಂಸ್ಥೆಯನ್ನು ಆರಂಭಿಸಿದರು. 'ಚಾಕಾಚಿ ಖುರ್ಚಿ' ಅವರ ಮರಾಠಿ ಆತ್ಮಕಥೆ. ಕೊಲ್ಹಾಪುರದ ಪಕ್ಕದ ಉಚಗಾಂವದಲ್ಲಿ ಆ ಸಂಸ್ಥೆ ವಿದ್ಯಾರ್ಥಿನಿಲಯವನ್ನೂ, ಅಂಗವಿಕಲ ಮಕ್ಕಳು ಇತರ ಮಕ್ಕಳ ಜತೆ ಒಂದೇ ಬೆಂಚಿನಲ್ಲಿ ಕಲಿಯುವ ಶಾಲೆಯನ್ನೂ ಕಟ್ಟಿತು. ಒಬ್ಬ ಹೆಣ್ಣುಮಗಳು ಗಾಲಿಕುರ್ಚಿಯಲ್ಲಿ ಕುಳಿತು ಕಟ್ಟಿದ್ದನ್ನು, ಎರಡು ಕಾಲಿನ ಮೇಲೆ ನಿಂತ ನಮ್ಮ ಕಮಿಟಿಗಳು ಆಗದು ಎನ್ನುತ್ತವೆ.

ಇನ್ನು ನನ್ನ ತಂದೆಯ ಊರಿನ ಕಡೆಗೆ ಬರೋಣ. ಅಲ್ಲಿಯ ಮಾತಂತೂ ಇನ್ನೂ ಕಹಿ. ಕಾಸರಗೋಡಿನ ಗೇರುತೋಟಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು ಒಂದೆರಡು ವರ್ಷವಲ್ಲ. 2000ದ ವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ. ಎಣ್ಮಕಜೆಯ ಪಡ್ರೆ, ಸ್ವರ್ಗ ಮುಂತಾದ ಊರುಗಳ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಅಲ್ಲಿನ ಮಕ್ಕಳ ಸಂಕಟದಿಂದ. ಡಾಕ್ಟರ್ ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆಯವರು ಈ ದುರಂತವನ್ನು ಹೊರಜಗತ್ತಿಗೆ ತಿಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನಿಗೆ ದೇಶಾದ್ಯಂತ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು.

ಪರಿಹಾರದ ಹಣ ಬೇಕು, ಔಷಧಿ ಬೇಕು, ಪಿಂಚಣಿ ಬೇಕು. ಅದಕ್ಕಾಗಿ ಹೋರಾಡಿದವರಿಗೆ ನನ್ನ ನಮಸ್ಕಾರ. ಆದರೆ ಆ ಮನೆಗಳಲ್ಲಿ ಆಡುವ ಮಾತು ಯಾವುದು? ಎಷ್ಟೋ ಮನೆಗಳಲ್ಲಿ ಕನ್ನಡ, ಎಷ್ಟೋ ಮನೆಗಳಲ್ಲಿ ತುಳು. ಅಂಥ ಮನೆಯ ಮಗುವಿಗೆ ಅದರ ಮಾತಿನಲ್ಲೇ ಕಲಿಸುವ ಶಾಲೆ ಎಷ್ಟು ದೂರದಲ್ಲಿದೆ, ಅಲ್ಲಿ ವಿಶೇಷ ಶಿಕ್ಷಕರಿದ್ದಾರೆಯೇ, ಇದ್ದರೆ ಅವರಿಗೆ ಮಗುವಿನ ಮಾತು ಬರುತ್ತದೆಯೇ ಎಂದು ನಮ್ಮ ಎಷ್ಟು ಸಮ್ಮೇಳನಗಳಲ್ಲಿ ಕೇಳಿದ್ದೇವೆ? ಠರಾವುಗಳನ್ನು ನಾನೂ ಬರೆದಿದ್ದೇನೆ. ನಾನು ಬರೆದ ಒಂದರಲ್ಲೂ ಈ ಪ್ರಶ್ನೆ ಇರಲಿಲ್ಲ.

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ನಾವು ಬೀದಿಗಿಳಿದೆವು. ಏನೆಂದು ಕೂಗಿದೆವು? ಮಗುವಿನ ಮಾತು ಮೇಷ್ಟ್ರಿಗೆ ತಿಳಿಯದು, ಮೇಷ್ಟ್ರ ಮಾತು ಮಗುವಿಗೆ ತಿಳಿಯದು, ಇಂಥ ಪಾಠ ಪಾಠವೇ ಅಲ್ಲ ಎಂದೆವು. ನ್ಯಾಯವಾದ ಮಾತು. ಕಿವಿ ಕೇಳದ ಮಗುವನ್ನು ಸಂಜ್ಞಾಭಾಷೆ ಬಾರದ ಮೇಷ್ಟ್ರ ಮುಂದೆ ಕೂರಿಸಿದರೆ ಅದೇ ವಾಕ್ಯ ಅಕ್ಷರಶಃ ಅನ್ವಯಿಸುವುದಿಲ್ಲವೆ? ಕಣ್ಣು ಕಾಣದ ಮಗುವಿಗೆ ಕನ್ನಡ ಬ್ರೈಲ್ ಪುಸ್ತಕ ಕೊಡದೆ ಅಚ್ಚಿನ ಪುಸ್ತಕ ಕೊಟ್ಟರೆ ಅದೂ ಅನ್ಯಭಾಷೆಯ ಪುಸ್ತಕವಲ್ಲವೆ? ಅರ್ಥವಾಗದ ಪಾಠದ ಮುಂದೆ ಬಾಯಿಮುಚ್ಚಿ ಕೂರುವ ಹಿಂಸೆ ಏನೆಂದು ಬಲ್ಲ ಜನ ನಾವು. ನಾವೇ ಅದನ್ನು ಇನ್ನೊಂದು ಮಗುವಿಗೆ ಉಣಿಸಬಹುದೆ?

ನಮ್ಮ ಹುಡುಗನ ವಿಷಯದಲ್ಲಿ ನೋಡಿ. ಅವನ ತೊದಲು ಮಾತು ಮನೆಯವರಿಗೆ ತಿಳಿಯುತ್ತದೆ, ಕನ್ನಡ ಬಲ್ಲ ಅಪರಿಚಿತರಿಗೆ ನಾಲ್ಕು ದಿನದಲ್ಲಿ ತಿಳಿಯುತ್ತದೆ. ಕನ್ನಡವೇ ಬಾರದವರಿಗೆ ಎಂದೂ ತಿಳಿಯದು. ಅವನನ್ನು ಮರಾಠಿ ಹಾಸ್ಟೆಲಿಗೆ ಕಳಿಸಿದ್ದರೆ ಕಾಲಿನ ಜತೆ ನಾಲಗೆಯನ್ನೂ ಕಟ್ಟಿದಂತಾಗುತ್ತಿತ್ತು. ಮಾತು ಸಲೀಸಾಗಿರುವ ಮಗು ಹೊಸ ಭಾಷೆಯನ್ನು ಆಟದ ಬಯಲಿನಲ್ಲಿ ಹೇಗೋ ಕಲಿತೀತು. ಮಾತು ಕಷ್ಟವಾದ ಮಗುವಿಗೇ ಮಾತೃಭಾಷೆಯ ಶಾಲೆ ಎಲ್ಲರಿಗಿಂತ ಹೆಚ್ಚು ಬೇಕು. ಅದನ್ನು ಕೊಡಬೇಕಾದ ನಾವೇ ಅವನನ್ನು ಬೇರೆ ಭಾಷೆಯ ಬಾಗಿಲಿಗೆ ಕಳಿಸುತ್ತೇವೆ.

ಕಮಿಟಿಯವರ ಜತೆ ನಾನು ಮಾತಾಡಿದಾಗ ಬಂದ ಆಕ್ಷೇಪಗಳನ್ನು ಮರೆಮಾಚುವುದಿಲ್ಲ. ಒಂದೊಂದಾಗಿ ಹೇಳುತ್ತೇನೆ.

'ನಮ್ಮಲ್ಲಿ ತರಬೇತಿ ಪಡೆದ ಶಿಕ್ಷಕರಿಲ್ಲ.' ನಿಜ, ಇಲ್ಲ. ಆದರೆ ಇಲ್ಲದ್ದನ್ನು ಕೇಳುವವರು ಯಾರು? 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸಾಮಾನ್ಯ ಶಾಲೆಗಳಿಗೆ ವಿಶೇಷ ಶಿಕ್ಷಕರ ಪ್ರಮಾಣವನ್ನು ನಿಗದಿಪಡಿಸುವಂತೆ ಸರಕಾರಕ್ಕೆ ಹೇಳಿತು. ಹುದ್ದೆ ಮಂಜೂರಾಗಬೇಕಾದರೆ ದಾಖಲೆಯಲ್ಲಿ ಮಗು ಇರಬೇಕು. ಮಗುವನ್ನು ಸೇರಿಸಿಕೊಳ್ಳದೆ ಶಿಕ್ಷಕರಿಲ್ಲ ಎನ್ನುವುದು, ಖಾತೆಯನ್ನೇ ತೆರೆಯದೆ ಬಡ್ಡಿ ಬಂದಿಲ್ಲ ಎಂದಂತೆ. ಕನ್ನಡ ಬಲ್ಲ ವಿಶೇಷ ಶಿಕ್ಷಕರ ಹುದ್ದೆ ಬೇಕೆಂದು ನಮ್ಮ ಮುಂದಿನ ಮನವಿಯಲ್ಲಿ ಒಂದು ಸಾಲು ಸೇರಿಸಲು ಯಾವ ಖರ್ಚೂ ಇಲ್ಲ.

'ಹಣವಿಲ್ಲ.' ಶಾಲೆಗೆ ಸ್ವಾಗತ ಕಮಾನು ಕಟ್ಟಲು ಹಣವಿತ್ತು. ವಾರ್ಷಿಕೋತ್ಸವದ ರಂಗಮಂಟಪಕ್ಕೆ ಹಣವಿತ್ತು. ಆ ರಂಗಮಂಟಪಕ್ಕೂ ಆರು ಮೆಟ್ಟಿಲು! ಇಳಿಜಾರು ದಾರಿ ಮಾಡಲು ಬೇಕಾದ್ದು ಸಿಮೆಂಟು, ಜಲ್ಲಿ ಮತ್ತು ಇಬ್ಬರು ಗಾರೆಯವರ ಕೆಲವು ದಿನಗಳ ಕೂಲಿ. ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಇಂಥ ಮಗುವೊಂದಕ್ಕೆ ವರ್ಷಕ್ಕೆ 3500 ರೂಪಾಯಿಯ ವರೆಗೆ ಅವಕಾಶವಿದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಭತ್ಯೆ ಬೇರೆ. ಮೊತ್ತ ಸಣ್ಣದು, ಒಪ್ಪುತ್ತೇನೆ. ಕೇಳಿ ಪಡೆದವರು ಎಷ್ಟು ಮಂದಿ?

'ಉಳಿದ ಮಕ್ಕಳಿಗೆ ತೊಂದರೆಯಾಗುತ್ತದೆ.' ಏನು ತೊಂದರೆ? ಒಬ್ಬ ಗೆಳೆಯನಿಗಾಗಿ ನಿಧಾನ ನಡೆಯುವುದು, ಅವನು ಮಾತು ಮುಗಿಸುವ ವರೆಗೆ ಕಾಯುವುದು ಇವೆಲ್ಲ ತೊಂದರೆಯೆ? ಇದನ್ನು ಕಲಿಸದ ಶಾಲೆ ಮತ್ತೇನನ್ನು ಕಲಿಸುತ್ತದೆ? ಇಲ್ಲಿ ಮರಾಠಿಯವರು, ಅಲ್ಲಿ ಮಲಯಾಳದವರು ನಮ್ಮ ಮಕ್ಕಳ ಬಗ್ಗೆ ಇದೇ ಮಾತು ಹೇಳಿದರೆ ನಮ್ಮ ರಕ್ತ ಕುದಿಯುತ್ತದೆ.

'ನಮ್ಮದು ಭಾಷಾ ಅಲ್ಪಸಂಖ್ಯಾತರ ಸಂಸ್ಥೆ. ಶಿಕ್ಷಣ ಹಕ್ಕು ಕಾಯಿದೆ ನಮಗೆ ತಾಗುವುದಿಲ್ಲ.' ಈ ಮಾತು ಕೇಳಿ ನನಗೆ ನಿಜವಾಗಿ ನೋವಾಯಿತು. 2009ರ ಆ ಕಾಯಿದೆಗೆ 2012ರಲ್ಲಿ ತಿದ್ದುಪಡಿ ತಂದು ಅಂಗವಿಕಲ ಮಕ್ಕಳನ್ನು ಅವಕಾಶವಂಚಿತರ ವರ್ಗಕ್ಕೆ ಸೇರಿಸಿದ್ದರು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಪ್ರಮತಿ ಪ್ರಕರಣದಲ್ಲಿ ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯಿದೆ ಅನ್ವಯಿಸದು ಎಂದದ್ದು ನಿಜ. 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪನ್ನು ದೊಡ್ಡ ಪೀಠ ಮರುಪರಿಶೀಲಿಸಬೇಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಡಿಸಿದ್ದೂ ನಿಜ. ಅದು ಏನೇ ಆಗಲಿ, ನಾನು ಹೇಳುತ್ತಿರುವ 2016ರ ಕಾಯಿದೆ ಬೇರೆಯೇ. ಅದು ಮಾನ್ಯತೆ ಪಡೆದ ಶಾಲೆ ಎನ್ನುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲ್ಪಸಂಖ್ಯಾತರ ಹಕ್ಕು ಹುಟ್ಟಿದ್ದು ದುರ್ಬಲರ ರಕ್ಷಣೆಗಾಗಿ. ಆ ಕೊಡೆಯನ್ನು ಹಿಡಿದುಕೊಂಡು ನಮಗಿಂತ ದುರ್ಬಲವಾದ ಮಗುವನ್ನು ಮಳೆಗೆ ತಳ್ಳುವುದಾದರೆ ಆ ಕೊಡೆ ಹಿಡಿಯುವ ಯೋಗ್ಯತೆ ನಮಗಿಲ್ಲ.

'ಮೊದಲು ಭಾಷೆ ಉಳಿಯಲಿ, ಆಮೇಲೆ ಇದೆಲ್ಲ.' ಇದು ಎಲ್ಲಕ್ಕಿಂತ ಅಪಾಯದ ಮಾತು, ಏಕೆಂದರೆ ಕೇಳಲು ನ್ಯಾಯವೆನಿಸುತ್ತದೆ. ಭಾಷೆ ಎಲ್ಲಿ ಉಳಿಯುತ್ತದೆ? ಕಮಾನಿನ ಮೇಲಿನ ಬರಹದಲ್ಲೇ? ಮಕ್ಕಳ ಬಾಯಲ್ಲಿ ಉಳಿಯುತ್ತದೆ. ಯಾವ ಬಾಯಿ ಬೇಕು, ಯಾವ ಬಾಯಿ ಬೇಡ ಎಂದು ಆರಿಸುವಷ್ಟು ಮಕ್ಕಳ ಸಮೃದ್ಧಿ ನಮ್ಮ ಶಾಲೆಗಳಲ್ಲಿದೆಯೆ? 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. 2019ರ ಯುನೆಸ್ಕೊ ವರದಿಯಂತೆ ಐದು ವರ್ಷದ ಅಂಗವಿಕಲ ಮಕ್ಕಳಲ್ಲಿ ಮುಕ್ಕಾಲು ಪಾಲು ಯಾವ ವಿದ್ಯಾಸಂಸ್ಥೆಗೂ ಹೋಗುತ್ತಿರಲಿಲ್ಲ. ಅವರಲ್ಲಿ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ಮದುವೆ ಮನೆಗಳಲ್ಲಿ ಕಾಣಿಸದ, ಒಳಕೋಣೆಯಲ್ಲಿ ಕುಳಿತ ಮಕ್ಕಳು. ನೆಂಟರು ಬಂದಾಗ ಬಾಗಿಲು ಮುಂದಕ್ಕೆ ಎಳೆಯುವ ಅಭ್ಯಾಸ ಯಾವ ಸರಕಾರದ್ದೂ ಅಲ್ಲ, ನಮ್ಮದೇ.

ಎಲ್ಲ ವಿಶೇಷ ಶಾಲೆಗಳನ್ನೂ ಮುಚ್ಚಿರೆಂದು ನಾನು ಹೇಳುವುದಿಲ್ಲ. ಸಂಜ್ಞಾಭಾಷೆಯ ಗೆಳೆಯರ ನಡುವೆ ಅರಳುವ ಕಿವುಡ ಮಕ್ಕಳಿದ್ದಾರೆ. ಎಡೆಬಿಡದ ಆರೈಕೆ ಬೇಕಾದ ಮಕ್ಕಳಿದ್ದಾರೆ. ಅವರ ತಾಯಿತಂದೆ ಅಂಥ ಶಾಲೆಯನ್ನು ಆರಿಸಿದರೆ ಅದು ಅವರ ಹಕ್ಕು. ಆಯ್ಕೆಯಿಂದ ಹೋಗುವುದು ಬೇರೆ, ಅಟ್ಟಿಸಿಕೊಂಡು ಹೋಗುವುದು ಬೇರೆ.

ಗಡಿ ಕನ್ನಡಿಗರಿಗೆ ಬೇಕಾದ ಇನ್ನೊಂದು ಮಾತು ಅದೇ ಕಾಯಿದೆಯಲ್ಲಿದೆ. ಕೇರಳ 2017ರಲ್ಲಿ ಮಲಯಾಳವನ್ನೂ, ಮಹಾರಾಷ್ಟ್ರ 2020ರಲ್ಲಿ ಮರಾಠಿಯನ್ನೂ ಶಾಲೆಗಳಲ್ಲಿ ಕಡ್ಡಾಯ ಮಾಡುವ ಕಾನೂನು ತಂದಾಗ ನಾವು ಆತಂಕಪಟ್ಟೆವು. 2016ರ ಕಾಯಿದೆಯ 17ನೇ ಕಲಮು ಅಂಗವಿಕಲ ವಿದ್ಯಾರ್ಥಿಗಳಿಗೆ ಪಠ್ಯ ಮತ್ತು ಪರೀಕ್ಷೆಯಲ್ಲಿ ಮಾಡಬೇಕಾದ ಬದಲಾವಣೆಗಳನ್ನು ಹೇಳುವಾಗ ಹೆಚ್ಚಿನ ಸಮಯ, ಬರೆಯುವ ಸಹಾಯಕ ಇವುಗಳ ಜತೆ ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಯನ್ನೂ ಹೆಸರಿಸಿದೆ. ಮಾತೃಭಾಷೆಯೊಂದರಲ್ಲೇ ಕಲಿಯಬೇಕಾದ ಮಗುವಿನ ಕಷ್ಟವನ್ನು ಆ ಕಾನೂನು ಬರೆದವರು ಅರಿತಿದ್ದರು. ಆ ಕಲಮನ್ನು ನಮ್ಮ ಯಾವ ಸಭೆಯಲ್ಲೂ ಯಾರೂ ಓದಿದ್ದನ್ನು ನಾನು ಕೇಳಿಲ್ಲ.

ಹೆಸರುಗಳನ್ನು ಬದಲಿಸುವುದರಲ್ಲಿ ನಾವು ನಿಸ್ಸೀಮರು. ಕುಂಟ, ಕುರುಡ ಎನ್ನುತ್ತಿದ್ದೆವು, ಅಂಗವಿಕಲ ಎಂದೆವು, ವಿಕಲಚೇತನ ಎಂದೆವು. ಮರಾಠಿಯಲ್ಲಿ ಅಪಂಗ ಹೋಗಿ ದಿವ್ಯಾಂಗ ಬಂತು. ಮಲಯಾಳದಲ್ಲಿ ವಿಕಲಾಂಗ ಹೋಗಿ ಭಿನ್ನಶೇಷಿ ಬಂತು. ಹೆಸರು ಮೂರು ಭಾಷೆಯಲ್ಲಿ ಬದಲಾಯಿತು; ಶಾಲೆಯ ಮೆಟ್ಟಿಲು ಒಂದೂ ಬದಲಾಗಲಿಲ್ಲ.

ಕೊನೆಗೆ ನಮ್ಮ ಹುಡುಗನ ಕತೆ ಏನಾಯಿತು? ತಂಗಿಯ ಪ್ರಶ್ನೆಯ ಮರುದಿನ ನಾನು ರಜೆ ಹಾಕಿ ಶಾಲೆಗೆ ಹೋದೆ. ಜಗಳವಾಡಲಿಲ್ಲ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕಲಿತ ಒಂದೇ ವಿದ್ಯೆಯನ್ನು ಬಳಸಿದೆ. ಪ್ರವೇಶ ಅರ್ಜಿಯ ಜತೆ 16 ಮತ್ತು 31ನೇ ಕಲಮುಗಳನ್ನು ಉಲ್ಲೇಖಿಸಿದ ಪತ್ರವಿಟ್ಟು, ಸ್ವೀಕೃತಿಗಾಗಿ ಒಂದು ಪ್ರತಿಗೆ ಸಹಿ ಕೇಳಿದೆ. "ಸೇರಿಸಿಕೊಳ್ಳುವುದಿಲ್ಲವಾದರೆ ಕಾರಣವನ್ನು ಬರೆದು ಕೊಡಿ ಸಾರ್" ಎಂದೆ. ಬಾಯಲ್ಲಿ ಸುಲಭವಾಗಿ ಬರುವ 'ಆಗುವುದಿಲ್ಲ' ಎಂಬ ಮಾತು ಕಾಗದದ ಮೇಲೆ ಇಳಿಯಲು ಹೆದರುತ್ತದೆ. ಎರಡು ವಾರ ಕಳೆದು ಫೋನು ಬಂತು. ಹುಡುಗನ ಹೆಸರು ಹಾಜರಿ ಪುಸ್ತಕ ಸೇರಿತು.

ಈಗ ಅವನು ಎರಡನೇ ತರಗತಿ. ಅವನ ತರಗತಿಯನ್ನು ಕೆಳಗಿನ ಕೋಣೆಗೆ ತಂದಿದ್ದಾರೆ. ಅವನ ತೊದಲು ಮಾತನ್ನು ಅವನ ಮೇಷ್ಟ್ರಿಗಿಂತ ಮೊದಲು ಅರ್ಥಮಾಡಿಕೊಂಡವರು ಪಕ್ಕದಲ್ಲಿ ಕೂರುವ ಹುಡುಗರು. ಆದರೆ ಕತೆ ಸುಖಾಂತವೆಂದು ಹೇಳಲಾರೆ. ಅವನಿಗೆ ಹೊಂದುವ ಶೌಚಾಲಯ ಇನ್ನೂ ಇಲ್ಲ. ದಿನಾ ಹನ್ನೊಂದೂವರೆಗೆ ನನ್ನ ತಂಗಿ ಹೋಟೆಲಿನ ಕೆಲಸ ಬಿಟ್ಟು ಶಾಲೆಗೆ ಓಡುತ್ತಾಳೆ. ಅವಳಿಗೆ ಜ್ವರ ಬಂದ ದಿನ ಹುಡುಗನಿಗೂ ಶಾಲೆಯಿಲ್ಲ. ದಯೆಗೆ ರಜೆ ಇರುವಂತೆ ತಾಯಿಯ ಮೈಗೂ ದಣಿವಿದೆ.

ಆದ್ದರಿಂದ ನಮ್ಮ ಕನ್ನಡ ಶಾಲೆಗಳ ಆಡಳಿತ ಸಮಿತಿಗಳಲ್ಲಿ, ರಕ್ಷಕರ ಸಂಘಗಳಲ್ಲಿ ಇರುವ ಬಂಧುಗಳಲ್ಲಿ ನನ್ನ ಮಾತು ಇಷ್ಟು. ಬರುವ ಜೂನ್ ತಿಂಗಳೊಳಗೆ ನಿಮ್ಮ ಶಾಲೆಯ ಸುತ್ತಲಿನ ಕನ್ನಡ ಮನೆಗಳಿಗೆ ಹೋಗಿ, ಒಳಕೋಣೆಯ ಮಕ್ಕಳ ಪಟ್ಟಿ ಮಾಡಿ. ಒಂದು ಇಳಿಜಾರು ದಾರಿ, ಒಂದು ಅಗಲ ಬಾಗಿಲಿನ ಶೌಚಾಲಯ ಕಟ್ಟಿಸಿ; ಕಮಾನು ಮುಂದಿನ ವರ್ಷಕ್ಕಿರಲಿ. ಕನ್ನಡ ಬಲ್ಲ ವಿಶೇಷ ಶಿಕ್ಷಕರನ್ನೂ ಕನ್ನಡ ಬ್ರೈಲ್ ಪುಸ್ತಕಗಳನ್ನೂ ಸರಕಾರದಿಂದ ಕೇಳಿ. ತಾಯಿತಂದೆಯರೇ, ನೀವು ಬಾಯಿಮಾತಿನಲ್ಲಿ ಬೇಡಿಕೊಳ್ಳಬೇಡಿ, ಬರೆದು ಕೇಳಿ. ಇಲ್ಲ ಎಂದರೆ ಬರೆದು ಕೊಡಿ ಎನ್ನಿ. ಕೊಡದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ.

ಆ ಮೊದಲ ಅರ್ಜಿಯ ಪ್ರತಿ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. 'ಇದು ನಾವು ಬೇಡುವ ದಯೆಯಲ್ಲ, ಇದು ನಮ್ಮ ಹಕ್ಕು.' ಅದನ್ನು ಬರೆಯುವಾಗ 'ನಾವು' ಎಂದರೆ ಯಾರು ಯಾರು ಎಂದು ನಾನು ಯೋಚಿಸಿರಲಿಲ್ಲ. ಇನ್ನೊಮ್ಮೆ ಅಂಥ ಅರ್ಜಿ ಬರೆಯಲು ಯಾರಾದರೂ ಬಂದರೆ ಮೊದಲು ಕೇಳುತ್ತೇನೆ: ನಿಮ್ಮ ಶಾಲೆಯ ಬಾಗಿಲಿಗೆ ಎಷ್ಟು ಮೆಟ್ಟಿಲುಗಳಿವೆ?